ರಸೀದಿ ಕೊಡಿ ಸ್ವಾಮಿ

ನಮ್ಮ ಗೌರಿಬಿದನೂರು ಸೀಮೆಯ ಹಳೆಯ ಮನೆಗಳಲ್ಲಿ ಕಂದಾಯದ ರಸೀದಿಗೆಂದೇ ಒಂದು ಜಾಗ ಇರುತ್ತದೆ. ಕೆಲವರ ಮನೆಯಲ್ಲಿ ಅದು ಟ್ರಂಕಿನ ತಳ, ಮದುವೆ ಸೀರೆಯ ಕೆಳಗೆ. ಕೆಲವರಲ್ಲಿ ಜಂತೆಗೆ ತೂಗುಹಾಕಿದ ಕೊಕ್ಕೆ ತಂತಿ. ತಂತಿಯ ಬುಡದಲ್ಲಿ ಅಜ್ಜನ ಕಾಲದ್ದು, ಅದರ ಮೇಲೆ ಅಪ್ಪನ ಕಾಲದ್ದು, ತೀರಾ ಮೇಲೆ ಈಚಿನದು. ಒಲೆಯ ಹೊಗೆಗೆ ಅಂಚೆಲ್ಲ ಕಂದುಬಣ್ಣಕ್ಕೆ ತಿರುಗಿರುತ್ತದೆ. ಮಳೆಯನ್ನೇ ನಂಬಿದ ನಾಲ್ಕೆಕರೆ ಖುಷ್ಕಿಗೆ ವರ್ಷಕ್ಕೆ ಬೀಳುವ ಕಂದಾಯ ಊರಿಂದ ಗೌರಿಬಿದನೂರಿಗೆ ಹೋಗಿಬರುವ ಬಸ್ ಚಾರ್ಜಿಗೂ ಸಾಲದು. ಆದರೂ ಆ ಚೀಟಿಯನ್ನು ಯಾರೂ ಎಸೆಯುವುದಿಲ್ಲ. ಮನೆಗೆ ಸುಣ್ಣ ಬಳಿಯುವಾಗ ದೇವರ ಪಟ ಇಳಿಸಿದಷ್ಟೇ ಜೋಪಾನವಾಗಿ ಆ ತಂತಿಯನ್ನೂ ಇಳಿಸಿ, ಮತ್ತೆ ಅದೇ ಗೂಟಕ್ಕೆ ಹಾಕುತ್ತಾರೆ.

ತೊಂಡೇಬಾವಿ ಹೋಬಳಿಯಲ್ಲಿ ನನಗೆ ಪರಿಚಯದ ಒಬ್ಬ ಅಜ್ಜಿಯ ಹತ್ತಿರ ಇರುವುದು ಕಂದಾಯದ ರಸೀದಿಯೂ ಅಲ್ಲ, ದಂಡದ ರಸೀದಿ. ಊರಾಚೆಯ ಗುಡ್ಡದ ಬುಡದಲ್ಲಿ ಒಂದೂವರೆ ಎಕರೆ ಸರ್ಕಾರಿ ಗೋಮಾಳವನ್ನು ಅವರ ಯಜಮಾನರು ಕಲ್ಲು ಆರಿಸಿ ಹಸನು ಮಾಡಿದ್ದರು. ಅಪ್ಪಣೆಯಿಲ್ಲದೆ ಉತ್ತಿದ್ದಕ್ಕೆ ಆಗಿನ ಶಾನುಭೋಗರು ದಂಡ ಹಾಕಿ ಚೀಟಿ ಹರಿದುಕೊಟ್ಟರು. ಟಿ.ಟಿ. ರಸೀದಿ ಅನ್ನುತ್ತಾರೆ ಇದಕ್ಕೆ. ಬಗರ್‌ಹುಕುಂ ಸಾಗುವಳಿ ಸಕ್ರಮ ಮಾಡಿಕೊಡುತ್ತೇವೆ ಎಂದು ಸರ್ಕಾರ ಹೇಳಿದಾಗಲೆಲ್ಲ ಅಜ್ಜಿ ಅರ್ಜಿ ಹಾಕಿದ್ದಾರೆ. ಮೊದಲು ನಮೂನೆ 50, ಆಮೇಲೆ 53, ಈಗ 57. ಪ್ರತಿಸಲವೂ ಅರ್ಜಿಯ ಜೊತೆ ಹೋಗುವ ದಾಖಲೆ ಆ ದಂಡದ ಚೀಟಿಯ ಜೆರಾಕ್ಸ್ ಪ್ರತಿ. "ದಂಡ ಹಾಕಿದ್ರಲ್ಲಪ್ಪ, ನಾವು ಅಲ್ಲಿ ಇದ್ವಿ ಅನ್ನಾಕೆ ಇನ್ನೇನು ಸಾಕ್ಷಿ ಬೇಕು?" ಎಂದು ಅವರು ಪ್ಲಾಸ್ಟಿಕ್ ಕವರಿನಿಂದ ಅದನ್ನು ತೆಗೆದು ತೋರಿಸಿದಾಗ ನಾನು ಹತ್ತಿರದಿಂದ ನೋಡಿದೆ. ಮಸಿ ಹಾರಿಹೋಗಿ ಅಕ್ಷರ ಬರೀ ನೆರಳಾಗಿದೆ. ಸರ್ವೆ ನಂಬರು ಬರೆದ ಜಾಗದಲ್ಲಿ ಮಾತ್ರ ಯಾರೋ ಬಾಲ್ ಪೆನ್ನಿನಿಂದ ತಿದ್ದಿ ಮತ್ತೆ ಕಾಣುವ ಹಾಗೆ ಮಾಡಿದ್ದಾರೆ.

ತೆರಿಗೆ ಸುಧಾರಣೆ ಎಂದು ಯಾರಾದರೂ ಮಾತು ತೆಗೆದರೆ ನನಗೆ ಮೊದಲು ನೆನಪಾಗುವುದು ಈ ಚೀಟಿ. ಹಿಂದುಳಿದ ದೇಶಗಳಲ್ಲಿ ಜನ ತೆರಿಗೆ ಕಟ್ಟುವುದಿಲ್ಲ, ಅದಕ್ಕೇ ಅಲ್ಲಿ ಸರ್ಕಾರಗಳು ಬಲವಾಗಿ ನಿಲ್ಲುವುದಿಲ್ಲ ಎಂದು ದೊಡ್ಡ ದೊಡ್ಡ ಪಂಡಿತರು ಬರೆದಿದ್ದಾರೆ. ನಮ್ಮ ಸೀಮೆಯ ಅನುಭವ ಅದಕ್ಕೆ ತದ್ವಿರುದ್ಧವಾಗಿದೆ. ಬಡವರು ಕೊಡುವುದಕ್ಕೆ ಹಿಂದೆ ಬಿದ್ದವರಲ್ಲ. ಕೊಟ್ಟಿದ್ದನ್ನು ಬರೆದುಕೊಳ್ಳಿ, ಬರೆದಿದ್ದನ್ನು ನಮಗೂ ತೋರಿಸಿ ಎಂಬುದೊಂದೇ ಅವರ ಮಾತು. ಆ ಮಾತಿಗೆ ಕಿವಿಗೊಟ್ಟ ಕಾಲದಲ್ಲಿ ಸರ್ಕಾರ ಕಟ್ಟಿಕೊಂಡಿದೆ. ಕಿವಿಗೊಡದ ಕಾಲದಲ್ಲಿ ಜನ ಗುಂಪು ಕಟ್ಟಿದ್ದಾರೆ, ಇಲ್ಲವೆ ಸುಮ್ಮನೆ ಬಾಗಿಲು ಮುಚ್ಚಿಕೊಂಡಿದ್ದಾರೆ.

ಎರಡಕ್ಕೂ ಮೈಸೂರು ಸಂಸ್ಥಾನದಲ್ಲೇ ಕಥೆಗಳಿವೆ. 1799ರಲ್ಲಿ ಟಿಪ್ಪು ಸತ್ತ ಮೇಲೆ ಆದ ಒಪ್ಪಂದದಲ್ಲಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24.5 ಲಕ್ಷ ರೂಪಾಯಿಯನ್ನು ಕಂಪನಿ ಸರ್ಕಾರಕ್ಕೆ ಕಟ್ಟಬೇಕಿತ್ತು. ರಾಗಿ ಹೊಲದಿಂದ ಎತ್ತಿದ ದುಡ್ಡು ಹೊರಗಿನ ದಂಡಿಗೆ ಹೋಗುತ್ತಿತ್ತು. ದಿವಾನ್ ಪೂರ್ಣಯ್ಯನವರು ಹೇಗೋ ತೂಗಿಸಿಕೊಂಡು ಹೋದರು. ಅವರ ನಂತರ ಶರ್ತಿ ಪದ್ಧತಿ ಬಂತು. ನನ್ನ ತಾಲ್ಲೂಕಿನಿಂದ ಇಷ್ಟು ಎತ್ತಿಕೊಡುತ್ತೇನೆ ಎಂದು ಅಮಲ್ದಾರ ಮೊದಲೇ ಮಾತು ಕೊಡಬೇಕು. ಮಳೆ ಬರಲಿ ಬಿಡಲಿ, ಆ ಮೊತ್ತ ಖಜಾನೆಗೆ ಹೋಗಬೇಕು. ಮೇಲಿನವರಿಗೆ ಬೇಕಾಗಿದ್ದು ಮೊತ್ತ ಮಾತ್ರ. ಯಾರಿಂದ ಎಷ್ಟು, ಯಾವ ಲೆಕ್ಕದಲ್ಲಿ ಬಂತು ಎಂದು ಯಾರೂ ಕೇಳುತ್ತಿರಲಿಲ್ಲ. 1830ರಲ್ಲಿ ನಗರವೆಂಬ ಸೀಮೆಯ ರೈತರು ಕೂಟ ಸೇರಿದರು, ಕಂದಾಯ ಕೊಡುವುದಿಲ್ಲ ಎಂದರು, ದಂಗೆಯಾಯಿತು. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಮಹಾರಾಜರ ಕೈಯಿಂದ ಸಂಸ್ಥಾನ ಜಾರಿದ್ದು ಲೆಕ್ಕವಿಲ್ಲದ ವಸೂಲಿಯ ದಾರಿಯಲ್ಲಿ.

ಆಮೇಲೆ ಬಂದವರು ಮಾರ್ಕ್ ಕಬ್ಬನ್. 1834ರಿಂದ 1861ರವರೆಗೆ ಕಮೀಷನರಾಗಿದ್ದರು. ಬೆಂಗಳೂರಿನವರಿಗೆ ಆ ಹೆಸರು ಪಾರ್ಕಿನಿಂದ ಗೊತ್ತು. ಕಂದಾಯದ ಚರಿತ್ರೆ ಓದುವವರಿಗೆ 769 ಎಂಬ ಸಂಖ್ಯೆಯಿಂದ. ಅಷ್ಟು ಬಗೆಯ ಸಣ್ಣಪುಟ್ಟ ತೆರಿಗೆಗಳನ್ನು ಅವರ ಕಾಲದಲ್ಲಿ ಕಿತ್ತುಹಾಕಿದರು ಎಂದು ಮೈಸೂರು ಗೆಜೆಟಿಯರಿನಲ್ಲಿ ದಾಖಲಾಗಿದೆ. ಆ ಪಟ್ಟಿಯನ್ನು ಓದುತ್ತಾ ಹೋದರೆ ಒಬ್ಬ ಬಡ ಒಕ್ಕಲಿಗನ ಇಡೀ ಬದುಕು ಕಣ್ಣೆದುರಿಗೆ ಬರುತ್ತದೆ. ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ, ಮದುವೆಯಾದರೆ ತೆರಿಗೆ. ಒಂದು ಊರಿನವರು ತಲೆತಲಾಂತರದಿಂದ ಒಂದು ತೆರಿಗೆ ಕಟ್ಟುತ್ತಿದ್ದರು. ಕಾರಣ, ಪಾಳೆಯಗಾರನೊಬ್ಬನ ಕುದುರೆ ತಪ್ಪಿಸಿಕೊಂಡಿತ್ತು, ಅವರ ಪೂರ್ವಿಕರು ಅದನ್ನು ಹುಡುಕಿಕೊಟ್ಟಿರಲಿಲ್ಲ. ಅದೇ ನಗರ ಸೀಮೆಯಲ್ಲಿ ಒಂದು ಗೊತ್ತಾದ ಜಾಗವನ್ನು ದಾಟುವಾಗ ಕೈಗಳನ್ನು ಮೈಗೆ ಒತ್ತಿ ಹಿಡಿದುಕೊಳ್ಳದೆ ಹೋದವರು ಸುಂಕ ತೆರಬೇಕಿತ್ತು. ಇವೆಲ್ಲ ಯಾರೋ ದಾರಿಗಳ್ಳರು ಕಿತ್ತುಕೊಂಡ ದುಡ್ಡಲ್ಲ. ಸರ್ಕಾರದ ಕಡತದಲ್ಲಿ ಸಂಸ್ಥಾನದ ಆದಾಯವೆಂದೇ ನಮೂದಾಗಿದ್ದವು.

ಕುದುರೆ ಕಳೆದುಕೊಂಡ ಪಾಳೆಯಗಾರ ಸತ್ತು ಎಷ್ಟು ತಲೆಮಾರಾಗಿತ್ತೋ. ತೆರಿಗೆ ಮಾತ್ರ ಉಳಿದುಕೊಂಡಿತ್ತು. ಒಮ್ಮೆ ಹಾಕಿದ ತೆರಿಗೆಗೆ ತನ್ನ ಕಾರಣ ಮರೆತುಹೋದ ಮೇಲೂ ಆಯುಸ್ಸು ಇರುತ್ತದೆ. ಕೆಳಗೆ ವಸೂಲಿ ಮಾಡುವವನಿಗೆ ಅದು ಅನ್ನ, ಮೇಲೆ ಕೂತವನಿಗೆ ಅದು ಪುಸ್ತಕದ ಒಂದು ಸಾಲು. ಕಬ್ಬನ್ ಆ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿಸಿದ್ದು ನನಗೆ ಸೈನ್ಯ ಗೆದ್ದದ್ದಕ್ಕಿಂತ ದೊಡ್ಡ ಕೆಲಸವಾಗಿ ಕಾಣುತ್ತದೆ. ಬೆಳೆಯಲ್ಲಿ ಪಾಲು ಕೇಳುವ ಬಟಾಯಿಯ ಜಾಗದಲ್ಲಿ ನಗದು ಕಂದಾಯ ಬರತೊಡಗಿತು. ಕಿಸ್ತಿನ ಗಡುವುಗಳನ್ನು ಫಸಲು ಮನೆಗೆ ಬರುವ ಹೊತ್ತಿಗೆ ಹೊಂದಿಸಿದರು. ಅಷ್ಟು ತೆರಿಗೆ ಬಿಟ್ಟರೂ ಸಂಸ್ಥಾನದ ಹುಟ್ಟುವಳಿ ಇಳಿಯಲಿಲ್ಲ, ಏರಿತು. ಇಷ್ಟಾದರೂ ಅದು ಪರರ ಆಳ್ವಿಕೆ. ಉಳಿದ ದುಡ್ಡಿನಲ್ಲಿ ಯಾರಿಗೆ ಎಷ್ಟು ಹೋಯಿತು ಎಂದು ತೊಂಡೇಬಾವಿಯ ಒಕ್ಕಲಿಗ ಕೇಳುವ ಹಾಗಿರಲಿಲ್ಲ.

1863ರಿಂದ ಸರ್ವೆ ಶುರುವಾಯಿತು. ಸರಪಳಿ ಹಿಡಿದವರು ಊರೂರು ಸುತ್ತಿ ಹೊಲ ಅಳೆದರು, ಬಾಂದುಕಲ್ಲು ನೆಟ್ಟರು, ಪ್ರತಿ ತುಂಡಿಗೂ ಒಂದು ನಂಬರು ಕೊಟ್ಟರು. ಇವತ್ತಿಗೂ ನಮ್ಮ ಕಡೆ ಜಮೀನಿನ ವ್ಯಾಜ್ಯ ಬಂದರೆ ಮೊದಲು ಹುಡುಕುವುದು ಆ ಬಾಂದುಕಲ್ಲನ್ನೇ. ಅಜ್ಜಿಯ ಚೀಟಿಯಲ್ಲಿ ಬಾಲ್ ಪೆನ್ನಿನಿಂದ ತಿದ್ದಿದ ನಂಬರಿನ ಮೂಲವೂ ಅಂಥ ಅಳತೆಯೇ. ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆಗೆ ಎಕರೆ. ಓದು ಬರಹ ಬಾರದವರೂ ಈ ಲೆಕ್ಕವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಸರ್ಕಾರದ ಅಳತೆ ಜನರ ಅಳತೆಯೂ ಆಗಿಬಿಟ್ಟಿತು.

ಆಮೇಲೆ ಧಾತು-ಈಶ್ವರ ಸಂವತ್ಸರಗಳ ಬರ. 1876ರಿಂದ 78. ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಹೋದರು. ಕೋಲಾರದ ಸೀಮೆಗೆ ಆ ಪೆಟ್ಟು ಜೋರಾಗಿಯೇ ಬಿತ್ತು. ಆಗ ನಾವೆಲ್ಲ ಕೋಲಾರ ಜಿಲ್ಲೆಯವರೇ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಉತ್ತರ ಪಿನಾಕಿನಿ ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಕೆರೆಗಳೇ ಜೀವ. ಹಿಂದೆ, ಶಾಸನಗಳು ಹೇಳುವ ಹಾಗೆ, ಕೆರೆಯ ಹೂಳೆತ್ತುವುದಕ್ಕೆ, ಏರಿ ಭದ್ರ ಮಾಡುವುದಕ್ಕೆ ಬಿತ್ತುವಟ್ಟವೆಂದು ಆ ಕೆರೆಯ ಕೆಳಗಿನ ಗದ್ದೆಯ ಹುಟ್ಟುವಳಿಯಲ್ಲೇ ಪಾಲು ತೆಗೆದಿಡುತ್ತಿದ್ದರು. ತೆತ್ತ ದುಡ್ಡು ಎಲ್ಲಿಗೆ ಹೋಯಿತೆಂದು ಕೇಳಬೇಕಾದವನು ಏರಿಯ ಮೇಲೆ ನಿಂತು ನೋಡಿದರೆ ಸಾಕಿತ್ತು. ಕೆರೆಗಳು ಮರಾಮತ್ತು ಇಲಾಖೆಗೆ ಸೇರಿದ ಮೇಲೆ ತೆರುವವನ ಕಣ್ಣಿಗೂ ತೆತ್ತದ್ದಕ್ಕೂ ಇದ್ದ ಆ ನೇರ ನಂಟು ಕಡಿದುಹೋಯಿತು.  

ಬರ ಮುಗಿದು 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ಬ್ರಿಟಿಷರಿಗೆ ಕಟ್ಟುವ ಕಪ್ಪವನ್ನು 35 ಲಕ್ಷ ರೂಪಾಯಿಗೆ ಏರಿಸುವ ಕರಾರಿನ ಮೇಲೆ ಬಂತು ಎಂಬುದನ್ನೂ ಮರೆಯಬಾರದು. ಬೊಕ್ಕಸ ಬರಿದಾಗಿದ್ದ ಆ ಹೊತ್ತಿನಲ್ಲಿ ದಿವಾನ್ ರಂಗಾಚಾರ್ಲು ಮಾಡಿದ ಕೆಲಸ ನನಗೆ ಇವತ್ತಿಗೂ ಆಶ್ಚರ್ಯ ತರುತ್ತದೆ. 1881ರ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. 144 ಮಂದಿ; ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು. ಅವರ ಮುಂದೆ ದಿವಾನರು ನಿಂತು ಸಂಸ್ಥಾನಕ್ಕೆ ಎಷ್ಟು ಬಂತು, ಎಷ್ಟು ಹೋಯಿತು, ಮುಂದೆ ಏನು ಮಾಡಬೇಕೆಂದಿದ್ದೇವೆ ಎಂದು ಹೇಳಿದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಬಡ ಒಕ್ಕಲಿಗನಿಗೆ, ಹೆಂಗಸರಿಗೆ, ಊರ ಹೊರಗಿನ ಕೇರಿಯವರಿಗೆ ಅಲ್ಲಿ ಜಾಗವೂ ಇರಲಿಲ್ಲ. ಮುಂದೆ ಮತದ ಹಕ್ಕು ಬಂದಾಗಲೂ ಇಂತಿಷ್ಟು ಕಂದಾಯ ಕಟ್ಟುವವರಿಗೆ ಎಂಬ ಗೆರೆ ಎಳೆದಿದ್ದರು. ಆದರೂ ಕಂದಾಯ ತೆರುವವನ ಮುಂದೆ ಕಂದಾಯ ಎತ್ತುವವನು ನಿಂತು ಲೆಕ್ಕ ಓದಿದ. ಐವತ್ತು ವರ್ಷದ ಹಿಂದೆ ಶರ್ತಿ ಅಮಲ್ದಾರನ ಕಾಲದಲ್ಲಿ ಇದನ್ನು ಯಾರೂ ಕನಸಿನಲ್ಲೂ ನೆನೆಸುವ ಹಾಗಿರಲಿಲ್ಲ.

ಆ ರುಚಿ ಹತ್ತಿದ ಜನ ಮುಂದೆ ಇನ್ನೂ ಹೆಚ್ಚು ಕೇಳಿದ್ದು ಸಹಜ. ಲೆಕ್ಕ ಓದಿದರೆ ಸಾಲದು, ಲೆಕ್ಕಕ್ಕೆ ಹೊಣೆಯಾಗಿ ಎಂದರು. ಜವಾಬ್ದಾರಿ ಸರ್ಕಾರ ಎಂದು ಆಗ ಕಾಂಗ್ರೆಸ್ಸಿನವರು ಕೂಗುತ್ತಿದ್ದದ್ದು ಅದನ್ನೇ. ತೊಂಡೇಬಾವಿಯಲ್ಲಿ ಹಿಂದೂಪುರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು ಹತ್ತಿದರೆ ಗೌರಿಬಿದನೂರಾದ ಮೇಲೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರಲ್ಲಿ ನಮ್ಮ ಸುತ್ತಲಿನ ಹಳ್ಳಿಗಳ ಒಕ್ಕಲು ಮಕ್ಕಳು ಇದ್ದರು. ಅಲ್ಲಿ ಸತ್ತವರ ನೆನಪಿನ ಸ್ತೂಪದ ಮುಂದೆ ನಿಂತಾಗಲೆಲ್ಲ ನನಗನ್ನಿಸುವುದು, ಇವರು ಬಾವುಟ ಹಿಡಿದದ್ದು ನಮ್ಮ ಮಾತಿಗೆ ಉತ್ತರ ಕೊಡುವ ಸರ್ಕಾರ ಬೇಕೆಂದು. ನಾವು ಇವತ್ತು ಪಂಚಾಯಿತಿ ಕಟ್ಟೆಯಲ್ಲಿ ಸುಲಭವಾಗಿ ಕೇಳಬಹುದಾದ ಪ್ರಶ್ನೆಗೆ ಅವರು ಪ್ರಾಣ ತೆತ್ತರು. ಸುಲಭವಾಗಿದೆ ಎಂದೇ ನಾವು ಕೇಳುವುದನ್ನು ಬಿಟ್ಟಿದ್ದೇವೇನೋ.

ಸ್ವಾತಂತ್ರ್ಯ ಬಂದ ಮೇಲೆ ದೆಹಲಿಯವರು ಇಂಗ್ಲೆಂಡಿನಿಂದ ನಿಕೊಲಸ್ ಕಾಲ್ಡರ್ ಎಂಬ ಅರ್ಥಶಾಸ್ತ್ರಜ್ಞನನ್ನು ಕರೆಸಿದರು. 1956ರಲ್ಲಿ ಆತ ಭಾರತದ ತೆರಿಗೆ ಸುಧಾರಣೆಗೆ ವರದಿ ಕೊಟ್ಟ. ಸಂಪತ್ತಿನ ಮೇಲೆ ತೆರಿಗೆ, ಖರ್ಚಿನ ಮೇಲೆ ತೆರಿಗೆ, ಉಡುಗೊರೆಯ ಮೇಲೆ ತೆರಿಗೆ. ಎಲ್ಲವೂ 1957–58ರಲ್ಲಿ ಕಾನೂನಾದವು. ಇವತ್ತು ಅವುಗಳಲ್ಲಿ ಒಂದೂ ಉಳಿದಿಲ್ಲ. ಖರ್ಚಿನ ತೆರಿಗೆ ಬಂದು, ಹೋಗಿ, ಮತ್ತೆ ಬಂದು, ಮತ್ತೆ ಹೋಯಿತು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ಕೈಬಿಟ್ಟರು. ಆತನೇ 1963ರಲ್ಲಿ ಹಿಂದುಳಿದ ದೇಶಗಳು ತೆರಿಗೆ ಹಾಕುವುದನ್ನು ಕಲಿಯುತ್ತವೆಯೇ ಎಂದು ಕೇಳಿ ಒಂದು ಲೇಖನ ಬರೆದ. ಆತನ ಮನಸ್ಸು ದೊಡ್ಡದು, ಉಳ್ಳವರು ಕೊಡಲಿ ಎಂಬ ನ್ಯಾಯ ದೊಡ್ಡದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಾನೂನು ಮೊದಲು ಬಂತು. ಲೆಕ್ಕ ಹಿಡಿಯುವ ಗುಮಾಸ್ತ, ಲೆಕ್ಕ ಒಪ್ಪುವ ಜನ ಆಮೇಲೆ ಬರುತ್ತಾರೆ ಎಂದುಕೊಂಡರು. ಉಳ್ಳವರು ವಿನಾಯಿತಿಗಳ ಸಂದಿಯಲ್ಲಿ ನುಸುಳಿಹೋದರು.

ಬೇರೆ ದೇಶದ ಮಾತು ಬಂತು, ಉಗಾಂಡದ್ದೊಂದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಅಲ್ಲಿ ಬ್ರಿಟಿಷರ ಕಾಲದಿಂದ ಬಂದ ತಲೆಗಂದಾಯದಂಥ ಒಂದು ತೆರಿಗೆ ಇತ್ತು. ಕಟ್ಟಿದವರಿಗೆ ಟಿಕೆಟ್ ಕೊಡುತ್ತಿದ್ದರು. ರಸ್ತೆಯಲ್ಲಿ ತಡೆದು ಟಿಕೆಟ್ ಕೇಳುತ್ತಿದ್ದರು, ಇಲ್ಲದವರನ್ನು ಎಳೆದುಕೊಂಡು ಹೋಗುತ್ತಿದ್ದರು. ವಸೂಲಿಯವರು ಬರುತ್ತಾರೆಂದರೆ ಗಂಡಸರು ಪೊದೆಗಳಲ್ಲಿ ಅಡಗುತ್ತಿದ್ದರು. ನಮ್ಮ ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿ ಕಾಪಾಡುವಂಥದೇ ಚೀಟಿ, ಅಲ್ಲಿ ಹೆದರಿಕೆಯ ಚೀಟಿಯಾಗಿತ್ತು. 2005ರಲ್ಲಿ, ಚುನಾವಣೆಯ ಮುಂಚೆ, ಸರ್ಕಾರ ಆ ತೆರಿಗೆಯನ್ನು ನಿಲ್ಲಿಸಿತು. ಜನ ನಿಟ್ಟುಸಿರು ಬಿಟ್ಟರು. ಆದರೆ ಅದೇ ಅಲ್ಲಿನ ಸ್ಥಳೀಯ ಸಂಸ್ಥೆಗಳ ಸ್ವಂತ ಆದಾಯವಾಗಿತ್ತು. ಅವು ಅಂದಿನಿಂದ ರಾಜಧಾನಿಯ ಅನುದಾನದ ಕಡೆ ಮುಖಮಾಡಿ ಕೂತವು.

ಇದೇ ಕಥೆ ನಮ್ಮಲ್ಲೂ ಆಗಿದೆ. ಊರ ಬಾಗಿಲಲ್ಲಿ ಆಕ್ಟ್ರಾಯ್ ನಾಕಾ ಇರುತ್ತಿತ್ತು, ಹಿರಿಯರಿಗೆ ನೆನಪಿದೆ. ಗಾಡಿ ನಿಲ್ಲಿಸಿ, ಮೂಟೆ ಎಣಿಸಿ, ದುಡ್ಡು ಕೊಟ್ಟು ಮುಂದೆ ಹೋಗಬೇಕು. ಕಿರಿಕಿರಿ, ಕೈಬೆಚ್ಚಗೆ ಮಾಡುವುದು ಎಲ್ಲವೂ ಇತ್ತು. 1979ರಲ್ಲಿ ಕರ್ನಾಟಕ ಅದನ್ನು ರದ್ದು ಮಾಡಿ, ರಾಜ್ಯವೇ ಎತ್ತುವ ಪ್ರವೇಶ ತೆರಿಗೆ ತಂದಿತು. ವ್ಯಾಪಾರಕ್ಕೆ ಒಳ್ಳೆಯದಾಯಿತು, ಪುರಸಭೆಗಳಿಗೆ ತಮ್ಮದೆಂಬ ದುಡ್ಡು ಕಡಿಮೆಯಾಯಿತು. 2005ರ ಏಪ್ರಿಲ್ 1ಕ್ಕೆ ವ್ಯಾಟ್ ಬಂತು, 2017ರ ಜುಲೈ 1ಕ್ಕೆ ಜಿಎಸ್‌ಟಿ. ಒಂದೊಂದು ಸುಧಾರಣೆಯೂ ಒಂದೊಂದು ಕಿರಿಕಿರಿಯನ್ನು ಕಳೆಯಿತು. ದೇಶದಾದ್ಯಂತ ರಾಜ್ಯದ ಗಡಿಗಳಲ್ಲಿ ಲಾರಿ ಸಾಲುಗಟ್ಟಿ ನಿಲ್ಲುವ ತೆರಿಗೆ ಚೆಕ್‌ಪೋಸ್ಟುಗಳು ಹೋದವು. ಆಂಧ್ರದ ಗಡಿಯಲ್ಲಿರುವ ನಮಗೆ ಅದರ ಬೆಲೆ ಗೊತ್ತು. ಆದರೆ ಪ್ರತಿ ಹೆಜ್ಜೆಗೂ ದುಡ್ಡು ಒಂದು ಮೆಟ್ಟಿಲು ಮೇಲೆ ಹೋಯಿತು. ಊರಿಂದ ಬೆಂಗಳೂರಿಗೆ, ಬೆಂಗಳೂರಿಂದ ದೆಹಲಿಗೆ.

ತೊಂಡೇಬಾವಿಯಲ್ಲಿ ಎಸಿಸಿ ಸಿಮೆಂಟ್ ಕಾರ್ಖಾನೆ ಇದೆ. ಅಲ್ಲಿಂದ ಹೊರಡುವ ಒಂದು ಮೂಟೆಯ ಮೇಲೆ ಮೊದಲು 28 ಪರ್ಸೆಂಟ್ ತೆರಿಗೆ ಇತ್ತು; 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ. ಸರ್ಕಾರಿ ಯೋಜನೆಯಲ್ಲಿ ಮನೆ ಮಂಜೂರಾಗಿ ತಳಪಾಯ ಹಾಕುವ ಕೂಲಿಯವನೂ ಅದನ್ನು ಕೊಟ್ಟಿದ್ದಾನೆ. ಆದರೆ ನಾನು ತೆರಿಗೆದಾರ ಎಂದು ಆತ ಎಂದೂ ಅಂದುಕೊಂಡಿಲ್ಲ, ಯಾರೂ ಆತನಿಗೆ ಹಾಗೆ ಹೇಳಿಲ್ಲ. ತೆರಿಗೆ ಕಟ್ಟುವವರು ನಗರದವರು, ಸಂಬಳದವರು. ಹಳ್ಳಿಯವರು ಬಿಟ್ಟಿ ಯೋಜನೆ ತಿನ್ನುವವರು ಎಂಬ ಮಾತನ್ನು ಟಿವಿಯಲ್ಲಿ ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸೋಪು, ಚಪ್ಪಲಿ, ಸಿಮೆಂಟು, ಮೊಬೈಲ್ ಕರೆನ್ಸಿ, ಎಲ್ಲದರಲ್ಲೂ ಆತ ಕೊಡುತ್ತಲೇ ಇದ್ದಾನೆ. ಕೊಟ್ಟದ್ದು ಅವನಿಗೆ ಕಾಣದ ಹಾಗೆ ಬೆಲೆಯೊಳಗೆ ಸೇರಿಹೋಗಿದೆ, ಅಷ್ಟೆ.

2025ರ ಜುಲೈನಲ್ಲಿ ನಡೆದದ್ದು ಇದಕ್ಕೇ ಸೇರಿದ್ದು. ಫೋನ್‌ಪೇ, ಗೂಗಲ್‌ಪೇ ಮೂಲಕ ಬಂದ ದುಡ್ಡಿನ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಟೀ ಅಂಗಡಿ, ತರಕಾರಿ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಎಂದು ಬಂದದ್ದು ಎಲ್ಲ ಪತ್ರಿಕೆಗಳಲ್ಲೂ ಬಂತು. ಹಸಿ ತರಕಾರಿಗೆ ತೆರಿಗೆಯೇ ಇಲ್ಲ. ಆದರೆ ಅದನ್ನು ಹೇಳಿಕೊಳ್ಳಲು ಲೆಕ್ಕದ ಪುಸ್ತಕ ಬೇಕು, ಅದನ್ನು ಇಡುವುದು ಹೇಗೆಂದು ಯಾರೂ ಅವರಿಗೆ ಕಲಿಸಿರಲಿಲ್ಲ. ರಾತ್ರೋರಾತ್ರಿ ಅಂಗಡಿಗಳ ಮುಂದಿನ ಕ್ಯೂಆರ್ ಕೋಡ್ ಕಿತ್ತುಹೋಯಿತು. "ಯುಪಿಐ ಇಲ್ಲ, ಕ್ಯಾಷ್ ಮಾತ್ರ" ಎಂಬ ಕಾಗದ ಅಂಟಿಕೊಂಡಿತು. ಬಂದ್‌ಗೆ ಕರೆ ಬಂತು. ಕೊನೆಗೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಇಲಾಖೆಯ ಕಾನೂನು ತಪ್ಪಿರಲಿಲ್ಲ. ತೆರಿಗೆ ಬೀಳುವ ಸರಕು ಮಾರುವವರು ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದರೆ ನೋಂದಣಿ ಮಾಡಿಸಲೇಬೇಕು. ತಪ್ಪಿದ್ದು ಕ್ರಮ. ನೋಂದಣಿಯ ಲಾಭ ಏನು, ಒಂದೇ ಪರ್ಸೆಂಟ್ ಕಟ್ಟುವ ರಾಜಿ ತೆರಿಗೆ ಯಾರಿಗೆ ಎಂದು ಸಂತೆಯಲ್ಲಿ ಕೂತು ಹೇಳುವವರು ನೋಟಿಸಿಗಿಂತ ಮುಂಚೆ ಬರಬೇಕಿತ್ತು. ಸಣ್ಣ ವ್ಯಾಪಾರಿ ಸರ್ಕಾರದ ಮುಖವನ್ನು ಮೊದಲ ಸಲ ನೋಡಿದ್ದು 29 ಲಕ್ಷದ ಕಾಗದದಲ್ಲಿ ಎಂದರೆ, ಆತ ಓಡಿಹೋದದ್ದಕ್ಕೆ ಆತನನ್ನು ದೂರುವುದು ನನ್ನಿಂದಾಗದು.

ಇದರ ಪಕ್ಕದಲ್ಲಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಇಟ್ಟು ನೋಡಿ. 1959ರ ಕಾನೂನಿನ ಪ್ರಕಾರ ಗೂಡು ಸರ್ಕಾರಿ ಮಾರುಕಟ್ಟೆಯಲ್ಲೇ ಮಾರಾಟವಾಗಬೇಕು. ಅಲ್ಲಿ ಶುಲ್ಕವೂ ಉಂಟು. ಬೆಳಗ್ಗೆ ಹೋದರೆ ಉದ್ದಕ್ಕೂ ಜಾಲರಿಗಳು, ಅವುಗಳ ತುಂಬ ಹಳದಿ, ಬಿಳಿ ಗೂಡು. ರೀಲರ್ ಬಂದು ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲುಗಿಸಿ ನೋಡುತ್ತಾನೆ. ಹರಾಜು ಈಗ ಕಂಪ್ಯೂಟರಿನಲ್ಲಿ. ತನ್ನ ಲಾಟಿಗೆ ಎಷ್ಟು ಕೂಗಿದರು ಎಂದು ರೈತ ಕಣ್ಣಿಂದಲೇ ನೋಡುತ್ತಾನೆ. ತೂಕ ಸರ್ಕಾರದ ತಕ್ಕಡಿಯಲ್ಲಿ. ಕಳ್ಳದಾರಿಯಲ್ಲಿ ಮಾರುವವರು ಇಲ್ಲವೆಂದಲ್ಲ, ದರ ಬಿದ್ದ ದಿನ ಜಗಳ ಆಗುವುದಿಲ್ಲವೆಂದೂ ಅಲ್ಲ. ಆದರೆ ಶುಲ್ಕ ಕೊಟ್ಟವನಿಗೆ ಆ ಶುಲ್ಕದಿಂದ ನಡೆಯುವ ತಕ್ಕಡಿ, ಪರದೆ, ಸೂರು ಎಲ್ಲವೂ ಎದುರಿಗೇ ಇದೆ. ದೂರದ ಊರುಗಳಿಂದಲೂ ರಾತ್ರಿಯೇ ಗಾಡಿ ಕಟ್ಟಿಕೊಂಡು ಅಲ್ಲಿಗೆ ಬರುವುದು ಇದಕ್ಕೇ ಎಂದು ನನ್ನ ನಂಬಿಕೆ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ದೆಹಲಿಯ ಜಂತರ್ ಮಂತರಿನಲ್ಲಿ ಕೂತು "ನನ್ನ ತೆರಿಗೆ ನನ್ನ ಹಕ್ಕು" ಎಂದಿತು. ಕೇಂದ್ರ ಹಂಚುವ ತೆರಿಗೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ 4.713 ಪರ್ಸೆಂಟ್ ಇದ್ದದ್ದು 15ನೆಯದರಲ್ಲಿ 3.647ಕ್ಕೆ ಇಳಿದಿತ್ತು. ಆ ಕೂಗಿನಲ್ಲಿ ನ್ಯಾಯವಿತ್ತು, ನಾನೂ ದನಿಗೂಡಿಸುತ್ತೇನೆ. ಅದೇ ದನಿಯಲ್ಲಿ ತೊಂಡೇಬಾವಿಯ ಪಂಚಾಯಿತಿ ಬೆಂಗಳೂರನ್ನು ಕೇಳಲಿ, ಪಂಚಾಯಿತಿಯನ್ನು ಊರಿನ ಕೇರಿಗಳು ಕೇಳಲಿ ಎಂದೂ ಹೇಳುತ್ತೇನೆ.

ಕೇಳುವುದಕ್ಕೆ ದಾರಿ ಇದೆ. ಮನೆಗಂದಾಯದ ರಸೀದಿಯನ್ನು ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿ. ಕಂದಾಯದ ಕೆಳಗೆ ಸೆಸ್ಸುಗಳ ಸಾಲಿದೆ. ಆರೋಗ್ಯಕ್ಕೆ 15 ಪರ್ಸೆಂಟ್, ಗ್ರಂಥಾಲಯಕ್ಕೆ 6, ಭಿಕ್ಷುಕರ ಕರ 3. ಕಟ್ಟಿದ ನೂರು ರೂಪಾಯಿಯ ಮೇಲೆ ಆರು ರೂಪಾಯಿ ನಮ್ಮೂರ ಮಕ್ಕಳ ಪುಸ್ತಕಕ್ಕೆಂದು ಕೊಡುತ್ತಿದ್ದೇವೆ ಎಂಬುದು ಎಷ್ಟು ಮನೆಗೆ ಗೊತ್ತು? 1965ರಲ್ಲೇ ಗ್ರಂಥಾಲಯಕ್ಕೆಂದು ಕಾನೂನು ಮಾಡಿ ಕರ ಹಾಕಿದ ರಾಜ್ಯ ನಮ್ಮದು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಭಿಕ್ಷೆ ಬೇಡುವವರಿಗೆ ಆಸರೆಯಾಗಲಿ ಎಂದು ಪ್ರತಿ ಮನೆಯಿಂದ ಮೂರು ಕಾಸು ತೆಗೆದಿಡುವುದೂ ಸಣ್ಣ ಸಂಗತಿಯಲ್ಲ.

ಪಂಚಾಯಿತಿಯ ವರ್ಷದ ಲೆಕ್ಕವನ್ನು ಊರಿನ ಮುಂದೆ ಓದುವ ಜಮಾಬಂದಿ ಪ್ರತಿ ವರ್ಷ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಹೆಚ್ಚಿನ ಕಡೆ ಸದಸ್ಯರು, ಸಿಬ್ಬಂದಿ ಬಿಟ್ಟರೆ ಹತ್ತು ಜನ ಇರುವುದಿಲ್ಲ. ನಮ್ಮ ಸೀಮೆಯ ಒಂದು ಊರಿನಲ್ಲಿ ನಾನು ನೋಡಿದ ಜಮಾಬಂದಿಗೆ ಸ್ತ್ರೀಶಕ್ತಿ ಸಂಘದ ಹೆಂಗಸರು ಬಂದಿದ್ದರು. ಅವರಲ್ಲೊಬ್ಬರು ಎದ್ದು ನಿಂತು, ಕೈಯಲ್ಲಿ ರಸೀದಿ ಹಿಡಿದುಕೊಂಡೇ, "ಲೈಬ್ರರಿ ದುಡ್ಡು ಅಂತ ಹಿಡ್ಕೊಂಡಿದೀರಲ್ಲ, ಒಟ್ಟು ಎಷ್ಟಾಯ್ತು, ಏನ್ ಮಾಡಿದ್ರಿ?" ಎಂದು ಕೇಳಿದರು. ಪಿಡಿಒ ತಡವರಿಸಲಿಲ್ಲ. ಪುಸ್ತಕ ತಿರುವಿ ವಸೂಲಿ ಎಷ್ಟು, ಬಾಕಿ ಎಷ್ಟು, ಊರ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಯಾವ ಪತ್ರಿಕೆ ಬರುತ್ತದೆ, ಕಪಾಟು ಯಾವಾಗ ಬಂತು ಎಂದು ಓದಿದರು. ಓದಿ ಮುಗಿಸಿದ ಮೇಲೆ ಆಕೆ ಕೂರಲಿಲ್ಲ. "ಮಕ್ಕಳಿಗೆ ರಜಾ ಇರೋದು ಭಾನುವಾರ. ಅವತ್ತೇ ಬಾಗಿಲು ಹಾಕಿದ್ರೆ ಹೆಂಗೆ?" ಎಂದರು. ಗ್ರಂಥಪಾಲಕಿಗೆ ವಾರದಲ್ಲಿ ಒಂದು ದಿನವಾದರೂ ಬಿಡುವು ಬೇಡವೇ ಎಂದು ಒಬ್ಬ ಸದಸ್ಯರು ಕೇಳಿದರು, ಅದೂ ನ್ಯಾಯವೇ. ಸೋಮವಾರ ರಜೆ ಕೊಡಬಹುದು ಎಂದು ಹಿಂದಿನ ಸಾಲಿನಿಂದ ಇನ್ನೊಬ್ಬರು ಹೇಳಿದರು. ನಿಯಮದಲ್ಲಿ ಅವಕಾಶ ಇದೆಯೇ ನೋಡಿ ತಿಳಿಸುತ್ತೇನೆ ಎಂದು ಪಿಡಿಒ ಬರೆದುಕೊಂಡರು. ಅಷ್ಟರಲ್ಲಿ ನೀರುಗಂಟಿಯ ಸಂಬಳದ ಮಾತು ಎದ್ದಿತು. ಬಾಕಿ ಮನೆಗಂದಾಯದ ಪಟ್ಟಿ ಗಟ್ಟಿಯಾಗಿ ಓದಿ ಎಂದು ಯಾರೋ ಕೂಗಿದರು. ಪಟ್ಟಿಯಲ್ಲಿ ಮೊದಲು ಬಂದದ್ದು ಊರಿನ ಅತಿ ದೊಡ್ಡ ಮನೆಯ ಹೆಸರು.